ಮೂರು ಗೆರೆಯ ವಿಪ್

ರಾಜ್ಯಸಭೆಗೆ ಮತ ಹಾಕುವ ಶಾಸಕ ಮತಪತ್ರದಲ್ಲಿ ಗುರುತು ಮಾಡಿದ ಕೂಡಲೇ ಅದನ್ನು ಪೆಟ್ಟಿಗೆಗೆ ಹಾಕುವಂತಿಲ್ಲ. ಪಕ್ಕದಲ್ಲೇ ಕೂತಿರುವ ತನ್ನ ಪಕ್ಷದ ಏಜೆಂಟರಿಗೆ ಬಿಚ್ಚಿ ತೋರಿಸಬೇಕು. ತೋರಿಸದಿದ್ದರೆ ಮತ ಅಸಿಂಧು, ಬೇರೆಯವರಿಗೆ ತೋರಿಸಿದರೂ ಅಸಿಂಧು. 2017ರ ಆಗಸ್ಟ್‌ನಲ್ಲಿ ಗುಜರಾತಿನ ಇಬ್ಬರು ಕಾಂಗ್ರೆಸ್ ಶಾಸಕರ ಮತ ಹೀಗೆಯೇ ರದ್ದಾಯಿತು. ಅದಕ್ಕೂ ಮುಂಚೆ ಅದೇ ಪಕ್ಷದ ನಲವತ್ತಕ್ಕೂ ಹೆಚ್ಚು ಶಾಸಕರನ್ನು ನಮ್ಮ ಬಿಡದಿಯ ರೆಸಾರ್ಟಿನಲ್ಲಿ ತಂದಿಟ್ಟು ಕಾಯಲಾಗಿತ್ತು. ಗುಟ್ಟಾಗಿ ಮತ ಹಾಕುವ ಹಕ್ಕು ಸಾಮಾನ್ಯ ಮತದಾರನಿಗಿದೆ. ಅವನು ಆರಿಸಿ ಕಳಿಸಿದ ಶಾಸಕನಿಗೆ ಇಲ್ಲಿ ಅದಿಲ್ಲ.

ಈ ಕಾವಲಿಗೆ ಕಾರಣವಿಲ್ಲದಿಲ್ಲ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದೇ ದಿನದಲ್ಲಿ ಮೂರು ಬಾರಿ ಪಕ್ಷ ಬದಲಿಸಿದರು. ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತು ಹುಟ್ಟಿದ್ದು ಆಗಲೇ. ಸರ್ಕಾರಗಳು ಹೀಗೆ ಬಿದ್ದೂ ಎದ್ದೂ ಸಾಕಾದ ಮೇಲೆ, 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಅದೇ ಪಕ್ಷಾಂತರ ನಿಷೇಧ ಕಾಯ್ದೆ.

ಕಾಯ್ದೆ ಪಕ್ಷ ಬಿಟ್ಟವರನ್ನಷ್ಟೇ ಹಿಡಿದಿದ್ದರೆ ತಕರಾರು ಇರುತ್ತಿರಲಿಲ್ಲ. ಅದು ವಿಪ್ ಮೀರಿದವರನ್ನೂ ಹಿಡಿಯುತ್ತದೆ. ಇಂತಿಂಥ ದಿನ ಹಾಜರಿರಿ, ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಲಿಖಿತ ಆದೇಶವೇ ವಿಪ್. ಕೆಳಗೆ ಮೂರು ಗೆರೆ ಎಳೆದಿದ್ದರೆ ಮೀರುವಂತೆಯೇ ಇಲ್ಲ. ಸರ್ಕಾರ ಉಳಿಯುವ ಅಳಿಯುವ ಪ್ರಶ್ನೆಯೇ ಆಗಬೇಕೆಂದಿಲ್ಲ, ಯಾವುದೋ ಸಣ್ಣ ಮಸೂದೆಗೂ ಪಕ್ಷ ಅದನ್ನು ಹೊರಡಿಸಬಹುದು. ‘ಇದರಿಂದ ನನ್ನ ಕ್ಷೇತ್ರದ ರೈತರಿಗೆ ನಷ್ಟ’ ಎಂದು ಶಾಸಕ ವಿರುದ್ಧ ಮತ ಹಾಕಿದರೆ, 15 ದಿನದೊಳಗೆ ಪಕ್ಷ ಮನ್ನಿಸದಿದ್ದಲ್ಲಿ, ಅನರ್ಹತೆಯ ಕತ್ತಿ ಅವನ ನೆತ್ತಿಯ ಮೇಲೆ ತೂಗುತ್ತದೆ. ಹೀಗಿರುವಾಗ ಮಸೂದೆಯನ್ನು ಓದಿ ತಲೆಕೆಡಿಸಿಕೊಳ್ಳುವ ದರ್ದು ಅವನಿಗೇನಿದೆ?

ಬ್ರಿಟನ್ನಿನಲ್ಲಿ ಹೀಗಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬ್ರೆಕ್ಸಿಟ್ ವಿಷಯಕ್ಕೆ ಕನ್ಸರ್ವೇಟಿವ್ ಪಕ್ಷದ 21 ಸಂಸದರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಚರ್ಚಿಲ್‌ರ ಮೊಮ್ಮಗ ನಿಕೋಲಸ್ ಸೋಮ್ಸ್ ಕೂಡ ಅವರಲ್ಲಿದ್ದರು. ಪ್ರಧಾನಿ ಬೋರಿಸ್ ಜಾನ್ಸನ್ ಅಷ್ಟೂ ಮಂದಿಯನ್ನು ಸಂಸದೀಯ ಪಕ್ಷದಿಂದ ಹೊರಹಾಕಿದರು. ಆದರೆ ಅವರ ಸಂಸತ್ ಸ್ಥಾನ ಹೋಗಲಿಲ್ಲ.

ಶಾಸಕರ ಬಾಯಿ ಕಟ್ಟಿದ ಈ ಕಾಯ್ದೆ ಪಕ್ಷಾಂತರವನ್ನಾದರೂ ನಿಲ್ಲಿಸಿತೇ ಎಂದು ಕನ್ನಡಿಗರನ್ನು ಕೇಳಬೇಕಿಲ್ಲ. 2019ರ ಜುಲೈನಲ್ಲಿ ಶಾಸಕರ ಸಾಲು ಸಾಲು ರಾಜೀನಾಮೆಯಿಂದ ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತದಲ್ಲಿ 99–105ರಿಂದ ಸೋತಿತು. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ತಳ್ಳಿಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಬಿಜೆಪಿ 12ರಲ್ಲಿ ಗೆದ್ದಿತು, ಗೆದ್ದವರಲ್ಲಿ ಬಹುತೇಕರು ಅದೇ ಅನರ್ಹರು. 2020ರ ಫೆಬ್ರವರಿಯಲ್ಲಿ ಅವರಲ್ಲಿ 10 ಮಂದಿ ಸಚಿವರಾದರು. ಒಂದು ಮಸೂದೆಗೆ ಆತ್ಮಸಾಕ್ಷಿಯಂತೆ ಮತ ಹಾಕಿದವನಿಗೆ ಸ್ಥಾನ ಹೋಗುವ ಭಯ, ಸಗಟಾಗಿ ಆಚೆ ದಾಟಿದವರಿಗೆ ಸಚಿವ ಸ್ಥಾನ! ಇದಕ್ಕಿಂತ ತಲೆಕೆಳಗಾದ ಏರ್ಪಾಟು ಸಿಗುವುದು ಕಷ್ಟ.

ಪಕ್ಷದ ನಂಟೇ ಬೇಡವೆಂದು ಕರ್ನಾಟಕದ ಕಾನೂನು ದೂರವಿಟ್ಟ ಜಾಗವೂ ಒಂದಿದೆ, ಗ್ರಾಮ ಪಂಚಾಯಿತಿ. ಅಲ್ಲಿ ಪಕ್ಷದ ಚಿಹ್ನೆಯಲ್ಲಿ ಸ್ಪರ್ಧಿಸುವಂತಿಲ್ಲ. ಕುಡಿಯುವ ನೀರು, ಬೀದಿದೀಪಕ್ಕೆ ಪಕ್ಷವೇಕೆ ಎಂಬುದು ಸರಳ ತರ್ಕ. ಆದರೂ ಫಲಿತಾಂಶದ ದಿನ ಎಲ್ಲೆಲ್ಲೂ ‘ಬೆಂಬಲಿತ’ ಅಭ್ಯರ್ಥಿಗಳದೇ ಲೆಕ್ಕ. ಒಬ್ಬನೇ ಸದಸ್ಯನನ್ನು ಎರಡು ಪಕ್ಷಗಳೂ ತಮ್ಮವನೆನ್ನುವುದುಂಟು.

ಪಕ್ಷಗಳಿಲ್ಲದೆ ಸರ್ಕಾರ ನಡೆಯದು, ನಿಜ. ವಿಪ್‌ಗೆ ಒಂದು ಎಲ್ಲೆ ಇದ್ದರೆ ಸಾಕು. ವಿಶ್ವಾಸಮತ, ಪಕ್ಷದ ಮುಖ್ಯ ನೀತಿಗಳಿಗಷ್ಟೇ ಅನರ್ಹತೆ ಅನ್ವಯವಾಗಲಿ ಎಂದು 1992ರ ಕಿಹೊಟೊ ಹೊಲ್ಲೊಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ಆಶಯದ ಖಾಸಗಿ ಮಸೂದೆಯನ್ನು 2010ರಲ್ಲಿ ಸಂಸದ ಮನೀಶ್ ತಿವಾರಿ ಲೋಕಸಭೆಯಲ್ಲಿ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ. ಮುಂದಿನ ಸಲ ಮತ ಕೇಳಲು ಬಂದವರನ್ನು ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ಪಕ್ಷ ಒಂದು ಹೇಳಿ, ಕ್ಷೇತ್ರ ಇನ್ನೊಂದು ಹೇಳಿದರೆ ನೀವು ಯಾರ ಮಾತು ಕೇಳುತ್ತೀರಿ?