ಉಸಿರು ಎಣಿಸುವವರು

ಶುಶ್ರೂಷೆ ಎಂಬ ಮಾತನ್ನು ರೋಗಿಯ ಸೇವೆ ಎಂಬ ಅರ್ಥದಲ್ಲಿ ಬಳಸಿ ಬಳಸಿ ನಾವು ಅದರ ಮೂಲವನ್ನೇ ಮರೆತಿದ್ದೇವೆ. ಸಂಸ್ಕೃತದಲ್ಲಿ ಅದಕ್ಕೆ ಕೇಳುವ ಇಚ್ಛೆಯೆಂದು ಅರ್ಥ. ಸೇವೆಯೆಂಬ ಅರ್ಥ ಅದರಿಂದ ಹುಟ್ಟಿದ್ದು. ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧ, ರೋಗಿ ಇವರೊಡನೆ ಪರಿಚಾರಕನನ್ನೂ ಎಣಿಸುತ್ತದೆ. ಅವನಲ್ಲಿ ಅನುರಾಗವೂ ಶುಚಿತ್ವವೂ ಇದ್ದರೆ ಸಾಲದು, ಉಪಚಾರದ ಅರಿವು ಮತ್ತು ದಕ್ಷತೆ ಬೇಕೆನ್ನುತ್ತದೆ. ನಮ್ಮ ಜನರು ದಾದಿಯಿಂದ ಅನುರಾಗವನ್ನು ಬಯಸುತ್ತಾರೆ. ಅರಿವನ್ನು ಗಮನಿಸುವುದು ಕಡಿಮೆ. "ಸಿಸ್ಟರು ಬಹಳ ಒಳ್ಳೆಯವರು" ಎಂದವರನ್ನು ನಾನು ಎಷ್ಟೋ ಕಂಡಿದ್ದೇನೆ. "ಸಿಸ್ಟರು ಸರಿಯಾಗಿ ಯೋಚಿಸಿದರು" ಎಂದವರನ್ನು ಇನ್ನೂ ಕಾಣಬೇಕಾಗಿದೆ.

ದಾದಿಯು ಔಷಧವನ್ನು ಬರೆದುಕೊಡುವವಳಲ್ಲ, ನಿಜ. ಆದರೆ ವೈದ್ಯರು ರೋಗಿಯ ಬಳಿ ನಿಲ್ಲುವುದು ಕೆಲವು ನಿಮಿಷ. ಆಕೆ ಇರುವುದು ಇಡೀ ರಾತ್ರಿ. ಈಗಲೇ ವೈದ್ಯರನ್ನು ಎಬ್ಬಿಸಬೇಕೆ, ಅರ್ಧ ತಾಸು ಕಾಯಬಹುದೆ, ಬಾಯಿಗೆ ನೀರು ಕೊಡಬಹುದೆ, ಈ ನಿದ್ದೆ ನಿದ್ದೆಯೇ ಹೌದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವಳು ಆಕೆಯೇ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಈಗ ವೈದ್ಯಕೀಯ ಕಾಲೇಜೂ ಬಂದಿದೆ. ಆದರೂ ರೋಗ ಕೈಮೀರಿತೆಂದರೆ ಹಾವೇರಿಯವರು ಹುಬ್ಬಳ್ಳಿಗೂ ರಾಣೆಬೆನ್ನೂರಿನವರು ದಾವಣಗೆರೆಗೂ ಓಡುವುದು ತಪ್ಪಿಲ್ಲ. ಹುಬ್ಬಳ್ಳಿಯ ದಾರಿ 70 ಕಿಲೋಮೀಟರಿಗೂ ಹೆಚ್ಚು. ಇಲ್ಲಿ ಅರ್ಧ ತಾಸಿನ ಬೆಲೆ ದೊಡ್ಡದು.

ಶುಶ್ರೂಷಾ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕೆಲಸದಲ್ಲಿ ಕೆಲವು ವರ್ಷ ಕಳೆದ ನಾನು ಅವರಿಗೆ ಮೊದಲು ಹೇಳುತ್ತಿದ್ದುದು ಉಸಿರನ್ನು ಎಣಿಸಿ ಎಂದು. ಆರೋಗ್ಯವಂತ ವಯಸ್ಕನು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಎಷ್ಟೋ ವಾರ್ಡುಗಳ ಪಟ್ಟಿಗಳಲ್ಲಿ ಮಾತ್ರ, ಎಲ್ಲ ರೋಗಿಗಳೂ ಮಾತಾಡಿಕೊಂಡು ಒಂದೇ ತಾಳಕ್ಕೆ ಉಸಿರಾಡುತ್ತಾರೋ ಎಂಬಂತೆ, ಮೇಲಿಂದ ಕೆಳಗಿನವರೆಗೆ 20 ಎಂದೇ ಬರೆದಿರುತ್ತದೆ! ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರು ಬದಲಾಗುತ್ತದೆ. ಆದ್ದರಿಂದ ನಾಡಿ ಹಿಡಿದವರಂತೆ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಎದೆಯನ್ನು ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಬ್ಯಾಡಗಿಯಲ್ಲಂತೂ ಇದು ಇನ್ನೂ ಅಗತ್ಯ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾರುಕಟ್ಟೆಯ ಗಾಳಿಯೇ ಘಾಟು. ಕೆಮ್ಮದೆ ಅದನ್ನು ದಾಟುವವರು ಅಪರೂಪ. ಚೀಲ ಹೊರುವ ಹಮಾಲನು ಆಸ್ಪತ್ರೆಗೆ ಬಂದು ಕೆಮ್ಮಿದರೆ "ಮೆಣಸಿನಕಾಯಿ ಘಾಟು" ಎಂದು ಅವನೂ ಹೇಳುತ್ತಾನೆ, ನಾವೂ ನಂಬುತ್ತೇವೆ. ಎರಡು ವಾರ ದಾಟಿದ ಕೆಮ್ಮಿಗೆ ಕಫವನ್ನು ಪರೀಕ್ಷಿಸಿ ಕ್ಷಯವನ್ನು ಹುಡುಕಬೇಕೆಂಬ ನಿಯಮವು ಘಾಟಿನ ಊರಿಗೂ ಅನ್ವಯಿಸುತ್ತದೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮಳೆಗಾಲದ ಒಂದು ನಸುಕಿನಲ್ಲಿ, ನಮ್ಮ ಭಾಗದ ಒಂದು ಆಸ್ಪತ್ರೆಗೆ, ಹೊಲದ ಕೂಲಿಯ ಹೆಣ್ಣುಮಗಳೊಬ್ಬಳನ್ನು ಹೊಟ್ಟೆನೋವೆಂದು ಕರೆತಂದರು. ಮೈಮೇಲೆ ಗಾಯವಿಲ್ಲ, ಬಾವಿಲ್ಲ. ಚುಚ್ಚುಮದ್ದಾಯಿತು, ನೋವು ತಗ್ಗಿತು, ಆಕೆ ಕಣ್ಣು ಮುಚ್ಚಿದಳು. "ರಾತ್ರಿಯೆಲ್ಲಾ ನಿದ್ದಿ ಇಲ್ಲರಿ ಅಕ್ಕಾರ, ಮಲಗಲಿ ಬಿಡ್ರಿ" ಎಂದ ಮಗ. ದಾದಿ ಬಿಡಲಿಲ್ಲ. "ಯವ್ವಾ, ರಾತ್ರಿ ಎಲ್ಲೆ ಮಲಗಿದ್ದಿ?" ಎಂದು ಕೇಳಿದಳು. "ನೆಲದ ಮ್ಯಾಲರಿ." "ಕಣ್ಣ ತೆಗದು ಮ್ಯಾಲ ನೋಡು." ರೆಪ್ಪೆಗಳು ಅರ್ಧಕ್ಕೆ ಬಂದು ನಿಂತವು.

ಕಟ್ಟುಹಾವಿನ ರೀತಿಯೇ ಇದು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಹಲವು ಸಲ ನೋವಿಲ್ಲ, ಗುರುತಿಲ್ಲ. ಹೊಟ್ಟೆನೋವು ಮೊದಲು, ಆಮೇಲೆ ರೆಪ್ಪೆ ಜೋಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಕಣ್ಣು ತೆರೆಯಲಾಗದಿದ್ದರೂ ರೋಗಿಯ ಪ್ರಜ್ಞೆ ಎಚ್ಚರವಾಗಿಯೇ ಇರಬಹುದು. ಸುತ್ತಲಿನವರ ಮಾತೆಲ್ಲ ಕೇಳುತ್ತಿರುತ್ತದೆ. ದಾದಿ ವೈದ್ಯರಿಗೆ ಹೇಳಿಕಳಿಸಿ, ಅಷ್ಟರಲ್ಲಿ ಒಂದು ಸರಳ ಪರೀಕ್ಷೆಗೆ ತೊಡಗಿದಳು. "ಒಂದ ಉಸಿರಿನ್ಯಾಗ ಎಷ್ಟ ಆಕ್ಕೈತಿ ಅಷ್ಟ ಎಣಸು, ಯವ್ವಾ." ಮೊದಲು 24. ಹತ್ತು ನಿಮಿಷ ಕಳೆದು 17. ಬೆರಳಿಗೆ ಸಿಕ್ಕಿಸಿದ ಯಂತ್ರವು ರಕ್ತದ ಆಮ್ಲಜನಕ 98 ಎಂದೇ ತೋರಿಸುತ್ತಿತ್ತು. ಸ್ನಾಯು ಸೋಲುವ ಕಾಯಿಲೆಯಲ್ಲಿ ಆ ಅಂಕಿ ಬೀಳುವುದು ತೀರ ತಡವಾಗಿ; ಅದನ್ನು ನಂಬಿ ಕುಳಿತರೆ ಕೆಟ್ಟಂತೆಯೇ. ಇಷ್ಟರಲ್ಲಿ ಮನೆಯವರು ಚಹಾ ತಂದರು. ದಾದಿ ಲೋಟವನ್ನು ಕಸಿದುಕೊಂಡಳೆಂದೇ ಹೇಳಬೇಕು. ನುಂಗಲಾರದವಳ ಗಂಟಲಿಗೆ ಬಿದ್ದ ಚಹಾ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಮಗನಿಗೆ ಅದು ಕ್ರೌರ್ಯವಾಗಿ ಕಂಡಿತು. ಅವನು ಸಿಟ್ಟಾಗಿದ್ದರಲ್ಲಿ ಆಶ್ಚರ್ಯವಿಲ್ಲ. ವೈದ್ಯರು ಬಂದು ಪ್ರತಿವಿಷ ಆರಂಭಿಸಿದರು. ಕೊಳವೆ ಹಾಕಿ, ಕೈಯಿಂದ ಗಾಳಿಯ ಚೀಲವನ್ನು ಒತ್ತುತ್ತಲೇ ಹುಬ್ಬಳ್ಳಿಗೆ ಒಯ್ದರು. ಹೆಣ್ಣುಮಗಳು ಬದುಕಿದಳು.

ಕೊಳಕುಮಂಡಲದ ವಿಷಕ್ಕೆ ಪರೀಕ್ಷೆ ಬೇರೆ. ಒಂದಿಷ್ಟು ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೇರಿದೆಯೆಂದು ಅರ್ಥ. ಸಾಬೂನಿನಲ್ಲಿ ತೊಳೆದ ನಳಿಗೆಯೂ ಪ್ಲಾಸ್ಟಿಕ್ಕಿನದೂ ಸುಳ್ಳು ಹೇಳಬಲ್ಲವು. ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು ಒಳ್ಳೆಯದಾಯಿತು.

ರಾಣೆಬೆನ್ನೂರಿನ ಸುತ್ತ ಹತ್ತಿ, ಗೋವಿನಜೋಳ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಸದಾ ಕೈಗೆಟಕುವಂತಿರುತ್ತದೆ. ಅದರಿಂದಾಗುವ ಅನಾಹುತವನ್ನು ವಿಸ್ತರಿಸುವ ಮನಸ್ಸಿಲ್ಲ. ಉಪಚಾರದ ಸೂಕ್ಷ್ಮವನ್ನಷ್ಟೇ ಹೇಳುತ್ತೇನೆ. ರಂಜಕಜನ್ಯ ಕೀಟನಾಶಕದ ವಿಷಕ್ಕೆ ಅಟ್ರೊಪಿನ್ ಕೊಡುತ್ತಾರೆ. ಎದೆಯ ಗೊರಗೊರ ಶಬ್ದ ಅಡಗಿ ನಾಡಿ ಏರುವವರೆಗೆ. ರೋಗಿ ಬಡಬಡಿಸತೊಡಗಿದಾಗ ಅದು ವಿಷದ ಉಳಿಕೆಯೋ, ಮದ್ದು ಹೆಚ್ಚಾದುದೋ? ಮೈ ಒಣಗಿ ಸುಡುತ್ತಿದೆಯೆ, ಮೂತ್ರ ನಿಂತಿದೆಯೆ, ಎದೆ ಹಸಿಯಾಗಿದೆಯೆ ಎಂದು ಮತ್ತೆ ಮತ್ತೆ ನೋಡಿದವಳಿಗೇ ಅದು ತಿಳಿಯಬೇಕು. ಎರಡನೆಯ ಮೂರನೆಯ ದಿನ ಎಲ್ಲ ನೆಟ್ಟಗಾಯಿತೆನ್ನುವಾಗ ಕೆಲವರಿಗೆ ಕುತ್ತಿಗೆಯ ಬಲ ಹೋಗಿ, ಬೆನ್ನಿಗೇ ಉಸಿರೂ ಕುಂದುತ್ತದೆ. ತಲೆಯನ್ನು ದಿಂಬಿನಿಂದ ಎತ್ತಿಸಿ ನೋಡುವುದು ಅದಕ್ಕಾಗಿ. ಅಂಥವರನ್ನು ಯಾಕೆ ಕುಡಿದೆಯೆಂದು ಗದರದೆ ತಲೆ ಎತ್ತಿಸುವ ದಾದಿಯರನ್ನು ನೋಡಿದ್ದೇನೆ; ಆ ಸಂಯಮವೂ ವಿದ್ಯೆಯ ಭಾಗವೇ.

ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯು 2012ರಲ್ಲಿ ಉಸಿರು, ನಾಡಿ, ರಕ್ತದೊತ್ತಡ, ಉಷ್ಣ, ಆಮ್ಲಜನಕ, ಎಚ್ಚರ ಇವುಗಳಿಗೆ ಅಂಕವಿಟ್ಟು ಒಂದು ಕೋಷ್ಟಕವನ್ನು ಪ್ರಕಟಿಸಿತು. ಮೊತ್ತ 5 ಮುಟ್ಟಿದರೆ ತುರ್ತಾಗಿ ವೈದ್ಯರು ಬರಬೇಕು. ಒಳ್ಳೆಯ ಸಾಧನ, ನಮ್ಮಲ್ಲೂ ಬರಲಿ. ಆದರೆ ಜೋಲಿದ ರೆಪ್ಪೆಗೆ ಅದರಲ್ಲಿ ಮನೆಯಿಲ್ಲ. ಅಂಕ ಕಡಿಮೆಯಿದ್ದರೂ ದಾದಿಗೆ ಆತಂಕವೆನಿಸಿದರೆ ಕರೆಯಬಹುದೆಂದು ಅದನ್ನು ಮಾಡಿದವರೇ ಒಪ್ಪಿದ್ದಾರೆ.

ಕರೆಯುವ ರೀತಿಯನ್ನೂ ಕಲಿಸಬೇಕಾಗುತ್ತದೆ. "ಪೇಷಂಟ್ ಯಾಕೋ ಸರಿ ಕಾಣುವುದಿಲ್ಲ ಸರ್" ಎಂದು ಅಳುಕುತ್ತ ಹೇಳಿದರೆ ನಿದ್ದೆಗಣ್ಣಿನ ವೈದ್ಯರು "ನೋಡುತ್ತಿರಿ" ಎನ್ನುವುದು ಸಹಜ. "ಒಂದೇ ಉಸಿರಿನ ಎಣಿಕೆ ಹತ್ತು ನಿಮಿಷದಲ್ಲಿ 24ರಿಂದ 17ಕ್ಕೆ ಇಳಿದಿದೆ, ರೆಪ್ಪೆ ಏಳುತ್ತಿಲ್ಲ, ತಾವು ಈಗಲೇ ಬರಬೇಕು" ಎಂದರೆ ಮಲಗಿರಲಾರರು. ಹುಬ್ಬಳ್ಳಿಗೆ ಒಯ್ದ ಚೀಟಿಯ ಮೇಲೆ ಆ ದಾದಿ ಎಣಿಕೆಗಳನ್ನೂ ಗಂಟೆ ನಿಮಿಷಗಳನ್ನೂ ಸಾಲಾಗಿ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: ರೋಗಿಗೆ ಎಲ್ಲವೂ ಕೇಳಿಸುತ್ತದೆ, ಮಾತಾಡಿಸಿ.