ಹತ್ತು ಮಂದಿಯ ಲೆಕ್ಕ

ಕಳೆದ ಶ್ರಾವಣದ ಮಳೆಯಲ್ಲಿ ನಮ್ಮ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ರಾತ್ರಿ ತೀರಿಕೊಂಡರು. ಮನೆಯವರ ಮನಸ್ಸಿಗೆ ನೋವಾಗಬಾರದೆಂದು ಹಳ್ಳಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇವೆ. ಮಕ್ಕಳಿಬ್ಬರಲ್ಲಿ ಒಬ್ಬನು ಬೆಂಗಳೂರಿನಲ್ಲಿ, ಇನ್ನೊಬ್ಬನು ಕಡಲಾಚೆಯಲ್ಲಿ. ಬೆಂಗಳೂರಿನವನು ಬೆಳಗಾಗುವುದರೊಳಗೆ ಬಂದು ಮುಟ್ಟಿದನು. ಆದರೆ ಮಲೆನಾಡಿನ ಮನೆಗಳು ಎಂಥವೆಂಬುದನ್ನು ವಾಚಕರು ಬಲ್ಲರು: ಒಂದು ತೋಟಕ್ಕೆ ಒಂದು ಮನೆ, ಮನೆಗೂ ಮನೆಗೂ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಸಂಕ. ಸುತ್ತಲಿನ ಐದಾರು ಮನೆಗಳಲ್ಲಿ ಚಟ್ಟಕ್ಕೆ ಹೆಗಲು ಕೊಡಬಲ್ಲವರನ್ನು ಎಣಿಸಿದರೆ ಮೂವರು. ಉಳಿದವರೆಲ್ಲ ಮೊಣಕಾಲು ಹಿಡಿದು ಕುಳಿತ ಮುದುಕರು. ನಾಲ್ಕನೆಯ ಹೆಗಲನ್ನು ಕೊಟ್ಟವನು ತೋಟದ ಕೂಲಿಗೆಂದು ದೂರದ ಸೀಮೆಯಿಂದ ಬಂದಿದ್ದ ಆಳು. ಸತ್ತವರ ಭಾಷೆಯೂ ಅವನಿಗೆ ತಿಳಿಯದು. ಆ ಮನೆಯ ಮಗಳು, ಕೈಕಾಲು ಗಟ್ಟಿಯಿದ್ದವಳು, ಅಂಗಳದ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು.

ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಲೆಕ್ಕವು ಕೊರೆಯುತ್ತಿದೆ. ಒಂದು ಊರು ಊರೆನ್ನಿಸಿಕೊಳ್ಳಲು ಕನಿಷ್ಠ ಪಕ್ಷ ಎಷ್ಟು ಮಂದಿ ಬೇಕು? ನಮ್ಮ ಹಿರಿಯರು ಇದನ್ನು ಎಣಿಸಿ ಇಟ್ಟಂತೆ ಕಾಣೆವು. ಎಣಿಸುವ ಪ್ರಸಂಗವು ಅವರಿಗೆ ಒದಗಲಿಲ್ಲ. ಎಣಿಸಿ ಇಟ್ಟ ಜನಾಂಗವೊಂದುಂಟು. ಯೆಹೂದ್ಯರಲ್ಲಿ ಹತ್ತು ಮಂದಿ ಪ್ರಾಪ್ತವಯಸ್ಕರು ಕೂಡದೆ ಸಾಮೂಹಿಕ ಪ್ರಾರ್ಥನೆಯು ನಡೆಯುವಂತಿಲ್ಲ; ಸತ್ತವರಿಗಾಗಿ ಮಕ್ಕಳು ಹೇಳಬೇಕಾದ ಪ್ರಾರ್ಥನೆಗೂ ಆ ಹತ್ತು ಮಂದಿಯೇ ಬೇಕು. ಹದಿಮೂರು ವರ್ಷ ತುಂಬಿದ ಹುಡುಗನು ಲೆಕ್ಕಕ್ಕೆ ಬರುತ್ತಾನೆ. ಒಂಬತ್ತು ಮಂದಿ ಪಂಡಿತರಿದ್ದರೂ ಸಾಲದು, ಹತ್ತು ಮಂದಿ ಸಾಮಾನ್ಯರಿದ್ದರೆ ಸಾಕು. ಮಗನು ತಂದೆಯ ಋಣವನ್ನು ತೀರಿಸಬೇಕಾದರೂ ಒಂಬತ್ತು ಮಂದಿ ಪರರು ತಮ್ಮ ಕೆಲಸ ಬಿಟ್ಟು ಬಂದು ಅವನ ಮಗ್ಗುಲಲ್ಲಿ ನಿಲ್ಲಬೇಕು.

ಯೆಹೂದ್ಯರಿಗೂ ಹೊಸನಗರಕ್ಕೂ ಏನು ಸಂಬಂಧವೆಂದು ಕೇಳುವ ವಾಚಕರಿಗೆ, ನಮ್ಮ ಜಿಲ್ಲೆಯವರೇ ಮರೆತ ಒಂದು ಹೆಸರನ್ನು ನೆನಪಿಗೆ ತರುತ್ತೇವೆ. ಡಾಕ್ಟರ್ ಜೆರೂಷಾ ಝಿರಾಡ್ ಎಂಬ ಮಹಿಳೆಯು 1890ರ ಸುಮಾರಿನಲ್ಲಿ ಹುಟ್ಟಿದ್ದು ಶಿವಮೊಗ್ಗೆಯಲ್ಲಿ. ಬೆನೆ ಇಸ್ರೇಲ್ ಎಂಬ ಯೆಹೂದ್ಯ ಸಮಾಜಕ್ಕೆ ಸೇರಿದ ಮನೆತನ. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಲಂಡನ್ನಿಗೆ ಹೋದ ಮೊದಲನೆಯ ಭಾರತೀಯ ಮಹಿಳೆಯೆಂದು ಆಕೆಯ ಕೀರ್ತಿಯು. 1919ರಲ್ಲಿ ಪ್ರಸೂತಿಶಾಸ್ತ್ರದಲ್ಲಿ ಉನ್ನತ ಪದವಿಯನ್ನು ಪಡೆದು ಹಿಂದಿರುಗಿದ ಮೇಲೆ ದೆಹಲಿಯಲ್ಲಿಯೂ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿಯೂ ಕೆಲಕಾಲ ದುಡಿದು, ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿ ಮೊದಲು ಗೌರವ ವೈದ್ಯೆಯಾಗಿದ್ದು, 1928ರಿಂದ 1947ರವರೆಗೆ ಅದರ ಮುಖ್ಯಸ್ಥೆಯಾಗಿದ್ದರು. ಮುಂಬಯಿ ನಗರದಲ್ಲಿ ಬಾಣಂತಿಯರು ಏಕೆ ಸಾಯುತ್ತಾರೆಂಬುದನ್ನು ವಿಚಾರಿಸಿ ಆಕೆ ಬರೆದ ವರದಿಯು 1941ರಲ್ಲಿ ಪ್ರಕಟವಾಯಿತು. 1966ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು.

ಇಷ್ಟು ಮಾತ್ರವಾಗಿದ್ದರೆ ಅದು ದೊಡ್ಡ ವೈದ್ಯೆಯೊಬ್ಬಳ ಚರಿತ್ರೆಯಾಗುತ್ತಿತ್ತು. ನಮಗೆ ಮುಖ್ಯವಾಗಿ ತೋರುವುದು ಆಕೆಯು ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಮಾಡುತ್ತಿದ್ದ ಕೆಲಸ. ಬೆನೆ ಇಸ್ರೇಲ್ ಹೆಂಗಸರ ಏಳಿಗೆಗಾಗಿ 1913ರಲ್ಲಿ ಹುಟ್ಟಿದ ಸ್ತ್ರೀ ಮಂಡಲಕ್ಕಾಗಿ ದುಡಿದವರಲ್ಲಿ ಆಕೆಯು ಪ್ರಮುಖಳು. 1925ರಲ್ಲಿ ಮುಂಬಯಿಯಲ್ಲಿ ಯೆಹೂದ್ಯ ಧಾರ್ಮಿಕ ಸಂಘವೆಂಬ ಹೊಸ ಸಭೆಯನ್ನು ಸ್ಥಾಪಿಸಿದವರೂ ಆಕೆಯೇ. ಲಂಡನ್ನಿನಲ್ಲಿ ಕಂಡ ಉದಾರ ಪಂಥದ ಮಾದರಿಯನ್ನು ಇಲ್ಲಿಗೆ ತಂದ ಸಭೆಯದು. ಹಳೆಯ ಪದ್ಧತಿಯ ಮಂದಿರಗಳಲ್ಲಿ ಹತ್ತು ಮಂದಿಯೆಂದರೆ ಹತ್ತು ಮಂದಿ ಗಂಡಸರು. ಉದಾರ ಪಂಥದವರು ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಯಾವ ಪದ್ಧತಿಯು ಸರಿಯೆಂಬುದನ್ನು ಯೆಹೂದ್ಯರೇ ತೀರ್ಮಾನಿಸಿಕೊಳ್ಳಲಿ. ಆದರೆ ಹತ್ತಾರು ತಾಯಂದಿರ ಜೀವವನ್ನು ಪ್ರತಿನಿತ್ಯ ಕೈಯಲ್ಲಿ ಹಿಡಿದವಳನ್ನು ಎಣಿಕೆಯ ಹೊರಗಿಡುವುದು ಹೇಗೆಂಬ ಪ್ರಶ್ನೆಯು ಆ ಸಭೆಯಲ್ಲಿ ಕುಳಿತವರಿಗೆ ಬಾರದೆ ಇದ್ದೀತೆ? ಅಂಗಳದ ಮೂಲೆಯಲ್ಲಿ ನಿಂತಿದ್ದ ಆ ಮಗಳು ನಮಗೆ ನೆನಪಾದುದು ಇಲ್ಲಿಯೇ.

ಬೆನೆ ಇಸ್ರೇಲರು ಘಟ್ಟದ ಕೆಳಗಿನ ಕೊಂಕಣದಲ್ಲಿ ಎಣ್ಣೆ ಗಾಣವನ್ನು ನಡೆಸಿಕೊಂಡಿದ್ದವರು. ಶನಿವಾರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲವಾದ ಕಾರಣ ಊರವರು ಇವರನ್ನು ಶನಿವಾರದ ತೇಲಿಗಳೆಂದು ಕರೆದರು. ಮಂದಿರದ ಆಡಳಿತಕ್ಕೆ ಅವರು ಇಟ್ಟುಕೊಂಡ ಹೆಸರುಗಳನ್ನು ಕೇಳಿದರೆ ನಮ್ಮ ಬೆಳಗಾವಿಯ ಕಡೆಯ ವಾಚಕರಿಗೆ ನಗೆ ಬಂದೀತು: ಮುಖ್ಯಸ್ಥನು ಮುಕಾದಮ, ಅವನ ಕೈಕೆಳಗೆ ಚೌಗುಲೆ. ಇವು ಅಲ್ಲಿನ ಹಳ್ಳಿಗಾಡಿನಿಂದಲೇ ಎತ್ತಿಕೊಂಡ ಹೆಸರುಗಳು. ಹಣ ನೋಡುವವನಿಗೆ ಗಬ್ಬಾಯಿ ಎಂದು ಹೀಬ್ರೂ ಹೆಸರು. ಇಂಥ ಅಧಿಕಾರಗಳಿಗೆ ಸಂಬಳವಿಲ್ಲ. ಗೌರವವೇ ಸಂಬಳ, ಬೈಗುಳವೇ ಭತ್ಯೆ. ಪ್ರವಾದಿ ಎಲೀಯನ ಹೆಸರಿನಲ್ಲಿ ಹರಕೆ ತೀರಿಸುವಾಗ ಅವರು ಮಾಡುವ ಮಲೀದಾ ಎಂಬ ನೈವೇದ್ಯವು ಅವಲಕ್ಕಿ, ತೆಂಗಿನಕಾಯಿತುರಿ, ಸಿಹಿ ಮತ್ತು ಹಣ್ಣುಗಳ ಕಲಸು. ನಮ್ಮ ಮನೆಗಳಿಂದ ಕದ್ದುಕೊಂಡು ಹೋದರೋ ಎನ್ನಿಸುವಷ್ಟು ಹತ್ತಿರದ ಪದಾರ್ಥ!

ಮುಂಬಯಿಯಲ್ಲಿ ಅವರ ಮೊದಲ ಮಂದಿರವನ್ನು 1796ರಲ್ಲಿ ಕಟ್ಟಿಸಿದ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರನು ಇಂಗ್ಲಿಷರ ಸೈನ್ಯದಲ್ಲಿದ್ದು ಟಿಪ್ಪು ಸುಲ್ತಾನನ ಕೈಗೆ ಸೆರೆಸಿಕ್ಕಿದ್ದನೆಂದೂ, ಬದುಕಿ ಹಿಂದಿರುಗಿದರೆ ಮಂದಿರ ಕಟ್ಟಿಸುತ್ತೇನೆಂದು ಸೆರೆಯಲ್ಲಿ ಹರಕೆ ಹೊತ್ತನೆಂದೂ ಅವರಲ್ಲಿ ಹೇಳುತ್ತಾರೆ. ಅದಾದ ಮೇಲೆ 1875ರಲ್ಲಿ ಹಯೀಮ್ ಸಾಮ್ಯುಯೆಲ್ ಕೇಹಿಮಕರರು ಸಮಾಜದ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಮಂದಿರ, ಶಾಲೆ, ಸ್ತ್ರೀ ಮಂಡಲ ಎಲ್ಲವೂ ಯಾರೋ ಕೆಲವರು ತಮ್ಮ ಸಂಜೆಗಳನ್ನು ಕೊಟ್ಟುದರಿಂದ ಆದುವು.

ಅವರ ಎಲ್ಲ ಸೇವೆಗಳಲ್ಲಿಯೂ ಶ್ರೇಷ್ಠವೆಂದು ಎಣಿಸಲ್ಪಟ್ಟುದು ಶವದ ಸೇವೆ. ಯೆಹೂದ್ಯರ ಸಭೆಗಳಲ್ಲಿ ಇದಕ್ಕೆಂದೇ ಒಂದು ಸ್ವಯಂಸೇವಕ ಮಂಡಲಿಯಿರುವುದುಂಟು. ಪವಿತ್ರ ಸಂಘವೆಂದು ಅದರ ಹೆಸರು. ಗಂಡಸು ಸತ್ತರೆ ಗಂಡಸರೂ ಹೆಂಗಸು ಸತ್ತರೆ ಹೆಂಗಸರೂ ಬಂದು ಮೈ ತೊಳೆದು, ಸಿರಿವಂತನಿಗೂ ಬಡವನಿಗೂ ಒಂದೇ ಬಗೆಯ ಬಿಳಿಯ ಬಟ್ಟೆಯನ್ನು ಉಡಿಸಿ ಒಪ್ಪ ಮಾಡುವರು. ದುಡ್ಡಿಗಾಗಿ ಮಾಡುವ ಕೆಲಸವಲ್ಲ. ಸಮಾಧಿಯಾದ ಮೇಲೆ ಮನೆಯವರು ಏಳು ದಿನ ಹೊರಗೆ ಹೋಗದೆ ಕೂಡುತ್ತಾರೆ. ಹಿಂದಿರುಗಿ ಬಂದು ಉಣ್ಣುವ ಮೊದಲ ಊಟವು ಅವರ ಮನೆಯದಾಗಿರಕೂಡದು, ನೆರೆಯವರು ತಂದದ್ದೇ ಆಗಿರಬೇಕು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ನಮ್ಮಲ್ಲಿಯೂ ಹೇಳುತ್ತಾರಷ್ಟೆ. ಶವದ ಸೇವೆಯನ್ನು ನಿಜವಾದ ದಯೆಯೆಂದು ಅವರು ಕರೆಯುವುದಕ್ಕೆ ಕೊಡುವ ಕಾರಣವು ಮಾತ್ರ ನಮ್ಮನ್ನು ನಿಲ್ಲಿಸಿ ಆಲೋಚಿಸುವಂತೆ ಮಾಡಿತು: ಬದುಕಿದ್ದವನಿಗೆ ಮಾಡಿದ ಉಪಕಾರವು ಎಂದಾದರೊಮ್ಮೆ ತಿರುಗಿ ಬಂದೀತು, ಸತ್ತವನು ಮಾತ್ರ ತಿರುಗಿ ಕೊಡಲಾರನು.

ನಮ್ಮ ಮಲೆನಾಡಿನ ಸಹಕಾರವು ನಡೆದು ಬಂದುದು ಮುಯ್ಯಿಯ ಮೇಲೆ. ನಿಮ್ಮ ಗದ್ದೆಯ ನಟ್ಟಿಗೆ ನಮ್ಮ ಮನೆಯ ಇಬ್ಬರು, ನಮ್ಮ ನಟ್ಟಿಗೆ ನಿಮ್ಮ ಮನೆಯ ಇಬ್ಬರು. ಅಡಿಕೆ ಸುಲಿಯುವುದಕ್ಕೂ, ಮನೆಗೆ ಹುಲ್ಲು ಹೊದಿಸುತ್ತಿದ್ದ ಕಾಲದಲ್ಲಿ ಹೊದಿಸುವುದಕ್ಕೂ, ಮದುವೆಯ ಚಪ್ಪರಕ್ಕೂ ಮುಯ್ಯಾಳು. ಕಾಗದವಿಲ್ಲ, ಸಾಕ್ಷಿಯಿಲ್ಲ, ಆದರೂ ಲೆಕ್ಕವು ಒಬ್ಬರಿಗೂ ತಪ್ಪುತ್ತಿರಲಿಲ್ಲ. ಇದು ಅತ್ಯುತ್ತಮ ಪದ್ಧತಿಯೆಂದೇ ನಾವು ಈ ಅಂಕಣದಲ್ಲಿ ಹಲವು ಬಾರಿ ಬರೆದಿದ್ದೇವೆ. ಆದರೆ ಇದರಲ್ಲಿ ಒಂದು ಕುಂದಿದೆ, ಅದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ. ಮುಯ್ಯಿಯು ನಡೆಯುವುದು ಎರಡು ಕಡೆಯಲ್ಲಿಯೂ ದುಡಿಯುವ ಕೈಗಳಿದ್ದಾಗ. ಮಕ್ಕಳೆಲ್ಲ ಊರು ಬಿಟ್ಟು, ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಯು ಮುಯ್ಯಿಯನ್ನು ತೀರಿಸುವುದು ಹೇಗೆ? ತೀರಿಸಲಾರದ ಮನೆಯವರು ನಾಚಿಕೆಯಿಂದ ಕರೆಯುವುದನ್ನೇ ಬಿಡುತ್ತಾರೆ. ಕರೆಯದವರ ಮನೆಗೆ ಹೋಗುವ ವಾಡಿಕೆಯೂ ತಪ್ಪಿಹೋಗುತ್ತದೆ. ಹೀಗೆ ಯಾರ ದೋಷವೂ ಇಲ್ಲದೆ, ಯಾರೂ ಜಗಳವಾಡದೆ, ಒಂದೊಂದೇ ಮನೆಯು ಲೆಕ್ಕದಿಂದ ಜಾರಿಹೋಗುತ್ತಿದೆ. ಆ ರಾತ್ರಿ ಅಳಿಯದೆ ಉಳಿದಿದ್ದ ಮೂವರೂ ಬಂದುದು ದೊಡ್ಡದು. ಆ ಮನೆಯಿಂದ ಅವರಿಗೆ ತಿರುಗಿ ಬರತಕ್ಕದ್ದು ಏನೂ ಇರಲಿಲ್ಲ.

ಚದುರಿಹೋಗುವುದೆಂದರೇನೆಂದು ಹೊಸನಗರ ಸಾಗರಗಳ ಜನರಿಗೆ ಯೆಹೂದ್ಯರು ಹೇಳಿಕೊಡಬೇಕಾಗಿಲ್ಲ. 1948ರಲ್ಲಿ ಹಿರೇಭಾಸ್ಕರದ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಶರಾವತಿಯ ನೀರು ಏರಿದಾಗ ತಲೆತಲಾಂತರದ ನೆರೆಹೊರೆಗಳು ಒಡೆದು, ಒಂದೇ ಕೇರಿಯವರು ಬೇರೆ ಬೇರೆ ಕಾಡುಗಳಿಗೆ ಹೋಗಿ ಬಿದ್ದರು. ನಾಡಿಗೆ ಬೆಳಕು ಬಂದಿತು, ಬೆಳಕು ಕೊಟ್ಟವರ ಹಕ್ಕುಪತ್ರದ ವ್ಯಾಜ್ಯವು ಮೊಮ್ಮಕ್ಕಳ ಕಾಲಕ್ಕೂ ಉಳಿಯಿತು. ಆ ಅನ್ಯಾಯವನ್ನು ಕುರಿತು ಅಧಿಕಾರಿವರ್ಗದವರಿಗೆ ಹೇಳಬೇಕಾದುದನ್ನು ಬೇರೆಯಾಗಿಯೇ ಹೇಳಬೇಕು. ಇಲ್ಲಿ ನಮ್ಮ ಮಾತು ಇಷ್ಟೆ: ದೇವರನ್ನು ಎತ್ತಿಕೊಂಡು ಹೋದವರಿಗೂ ನೆರೆಯನ್ನು ಎತ್ತಿಕೊಂಡು ಹೋಗಲು ಬರಲಿಲ್ಲ. ನಮ್ಮ ನೆರೆಯು ನೆಲಕ್ಕೆ ಅಂಟಿದ್ದು. ಯೆಹೂದ್ಯರು ಎರಡು ಸಾವಿರ ವರ್ಷ ನೆಲವಿಲ್ಲದೆ ಅಲೆದವರಾದ್ದರಿಂದ ನೆರೆಯನ್ನು ನಿಯಮವಾಗಿ ಮಾಡಿ ಜೊತೆಯಲ್ಲಿ ಒಯ್ದರು. ಹೊಸ ಊರಿಗೆ ಬಂದವರು ಮಂದಿರಕ್ಕಿಂತ ಮೊದಲು ಸ್ಮಶಾನಕ್ಕೆ ಜಾಗ ನೋಡಬೇಕೆಂಬುದು ಅವರ ರೂಢಿ. ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೆ ನಿದರ್ಶನವುಂಟು. ಅಲ್ಲಿ ನೆಲಸಿದ ಯೆಹೂದ್ಯ ಮನೆತನಗಳು ಬಹು ಸ್ವಲ್ಪ. ಮನೆಗಳಲ್ಲಿಯೇ ಕೂಡಿ ಪ್ರಾರ್ಥನೆ ನಡೆಸಿದರು. ಆದರೆ 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದಿಂದ ಸ್ಮಶಾನಕ್ಕೆ ಭೂಮಿಯು ದೊರೆಯಿತು.

ಯೆಹೂದ್ಯರನ್ನು ಹೊಗಳಿ ನಮ್ಮವರನ್ನು ತೆಗಳುವುದು ನಮ್ಮ ಉದ್ದೇಶವಲ್ಲ. ಅವರ ನಿಯಮವೂ ಜನರಿಲ್ಲದ ಕಡೆ ಸೋಲುತ್ತದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಮಂದಿರವು ಇಂದಿಗೂ ಇದೆ. ನೆಲಕ್ಕೆ ಹಾಸಿದ ಚೀನೀ ಹಂಚುಗಳನ್ನು ನೋಡಲು ಯಾತ್ರಿಕರು ಸಾಲುಗಟ್ಟುತ್ತಾರೆ. ಆದರೆ 1948ರಲ್ಲಿ ಇಸ್ರೇಲ್ ರಾಷ್ಟ್ರವು ಹುಟ್ಟಿದ ತರುವಾಯ ಜನರು ಒಬ್ಬೊಬ್ಬರಾಗಿ ಹಡಗು ಹತ್ತಿದರು. ಈಗ ಅಲ್ಲಿನ ಮೂಲನಿವಾಸಿಗಳಲ್ಲಿ ಹತ್ತು ಮಂದಿಯೂ ಉಳಿದಿಲ್ಲ. ಪ್ರಾರ್ಥನೆಯು ನಡೆಯಬೇಕಾದರೆ ಹೊರಗಿನಿಂದ ಬಂದ ಯೆಹೂದ್ಯ ಯಾತ್ರಿಕರನ್ನು ಎಣಿಸಿ ಹತ್ತನ್ನು ತುಂಬಿಸಬೇಕು. ದೀಪವಿದೆ, ಗಡಿಯಾರದ ಗೋಪುರವಿದೆ, ಎಣಿಕೆಯಿಲ್ಲ. ತೂಗುದೀಪಗಳ ಚಿತ್ರವನ್ನು ನೋಡಿದಾಗ ನಮಗೆ ನೆನಪಾದುದು ನಮ್ಮ ದೊಡ್ಡ ದೊಡ್ಡ ಕಂಬದ ಮನೆಗಳು. ಹಬ್ಬಕ್ಕೆ ನಾಲ್ಕು ದಿನ ಕಾರುಗಳು ಬಂದು ನಿಂತು, ಐದನೆಯ ದಿನ ಬೀಗ ಬೀಳುವ ಮನೆಗಳು.

ಊರು ಬಿಟ್ಟ ಹುಡುಗರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಎಲೆಚುಕ್ಕೆ ರೋಗವು ತೋಟವನ್ನು ತಿನ್ನುತ್ತಿರುವಾಗ ಯಾವ ತಂದೆಯು ಮಗನಿಗೆ ಇಲ್ಲಿಯೇ ಇರೆಂದು ಹೇಳುವನು? ನಮ್ಮ ಮಕ್ಕಳೂ ಊರಲ್ಲಿಲ್ಲ. ಉಳಿದವರನ್ನು ಎಣಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ರಾತ್ರಿ ಕರೆದರೆ ಬರುವವರು ಯಾರು, ಜೀಪು ಇರುವುದು ಯಾರಲ್ಲಿ, ಒಂಟಿಯಾಗಿರುವ ಮುದುಕಿಯ ಬಾಗಿಲನ್ನು ವಾರಕ್ಕೆರಡು ಬಾರಿ ತಟ್ಟುವವರು ಯಾರು ಎಂದು ಬರೆದಿಡುವುದಕ್ಕೆ ಸರ್ಕಾರದ ಅಪ್ಪಣೆಯೂ ಬೇಡ, ಅನುದಾನವೂ ಬೇಡ. ಮುಯ್ಯಿಯನ್ನು ತೀರಿಸಲಾರದ ಮನೆಗಳ ಹೆಸರನ್ನು ಮೊದಲು ಬರೆಯತಕ್ಕದ್ದು.

ಆ ಹಿರಿಯರ ಹದಿಮೂರನೆಯ ದಿನದ ಊಟಕ್ಕೆ ನಾವೂ ಹೋಗಿದ್ದೆವು. ಎಲೆ ಎತ್ತಿದ ಮೇಲೆ ಜಗಲಿಯಲ್ಲಿ ಈ ಮಾತನ್ನೇ ತೆಗೆದಾಗ, ನಿವೃತ್ತ ಮಾಸ್ತರರೊಬ್ಬರು ಒಳಗಿನಿಂದ ಒಂದು ಬರೆಯುವ ಪುಸ್ತಕವನ್ನು ತರಿಸಿ ಹೆಸರು ಕೇಳತೊಡಗಿದರು. ಹನ್ನೊಂದು ಹೆಸರಾದುವು. ಅವರಲ್ಲಿ ನಾಲ್ವರು ಎಪ್ಪತ್ತು ದಾಟಿದವರು. ಕೂಲಿಗೆ ಬಂದಿದ್ದ ಆ ಆಳಿನ ಹೆಸರನ್ನು ಹೇಗೆ ಬರೆಯಬೇಕೆಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಪುಸ್ತಕವನ್ನು ಮುಚ್ಚುವ ಹೊತ್ತಿಗೆ ಬಾಗಿಲ ಬಳಿ ನಿಂತಿದ್ದ ಮನೆಯ ಮಗಳು, "ಮಾಷ್ಟ್ರೇ, ನನ್ನದನ್ನೂ ಬರ್ಕೊಳಿ" ಎಂದಳು. ಮಾಸ್ತರರು ಕನ್ನಡಕವನ್ನು ತೆಗೆದು ಒರಸಿಕೊಂಡು, ಹನ್ನೆರಡನೆಯದಾಗಿ ಬರೆದರು. ಆ ಪುಸ್ತಕವನ್ನು ಈಗ ಹಾಲಿನ ಡೈರಿಯಲ್ಲಿ, ದಿನವೂ ಎಲ್ಲರ ಕಣ್ಣಿಗೆ ಬೀಳುವಂತೆ, ತೂಗುಹಾಕಿದ್ದಾರೆ.