ಆನಿ ಮೂರ್ ಏನಾದಳು?

1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸೆಗಾರರಿಗಾಗಿ ಹೊಸ ಠಾಣ್ಯವೊಂದು ತೆರೆಯಿತು. ಅಲ್ಲಿ ಮೊತ್ತಮೊದಲು ಬರೆದುಕೊಂಡ ಹೆಸರು ಆನಿ ಮೂರ್. ಐರ್ಲೆಂಡಿನ ಕಾರ್ಕ್ ಕಡೆಯ ಹುಡುಗಿ. ಇಬ್ಬರು ತಮ್ಮಂದಿರನ್ನು ಕರೆದುಕೊಂಡು, ಮೊದಲೇ ನ್ಯೂಯಾರ್ಕ್ ಸೇರಿದ್ದ ತಂದೆತಾಯಿಗಳ ಬಳಿಗೆ ಬಂದಿದ್ದಳು. ಅವಳಿಗೆ ಹತ್ತು ಡಾಲರಿನ ಚಿನ್ನದ ನಾಣ್ಯವೊಂದು ಉಡುಗೊರೆಯಾಗಿ ದೊರೆಯಿತು. ಆಮೇಲೆ ಅವಳು ಏನಾದಳು?

ಅವಳು ಟೆಕ್ಸಾಸಿಗೆ ಹೋಗಿ ಅಲ್ಲಿಯೇ ತೀರಿಕೊಂಡಳೆಂದು ಜನ ಬಹುಕಾಲ ನಂಬಿದ್ದರು. ಆ ಮನೆತನದವರನ್ನು ಸಮಾರಂಭಗಳಿಗೆ ಕರೆದು ಗೌರವಿಸಿದ್ದೂ ಉಂಟು. ಆದರೆ ವಂಶಾವಳಿ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ಕಾಗದಪತ್ರಗಳನ್ನು ನೋಡಿದಾಗ, ಟೆಕ್ಸಾಸಿನ ಆನಿ ಅಮೆರಿಕದ ಇಲಿನಾಯ್‌ನಲ್ಲಿಯೇ ಹುಟ್ಟಿದವಳೆಂದು ತಿಳಿಯಿತು. ಹುಟ್ಟಿದ ನಾಡಿಗೇ ವಲಸೆ ಬರುವುದುಂಟೆ? ತಮ್ಮ ಫಿಲಿಪನ ಪೌರತ್ವದ ಪತ್ರ ಸಿಕ್ಕಿದ ಮೇಲೆ, 2006ರಲ್ಲಿ ನಿಜ ಹೊರಬಿತ್ತು. ನಮ್ಮ ಆನಿ ನ್ಯೂಯಾರ್ಕಿನಲ್ಲಿಯೇ ಉಳಿದಿದ್ದಳು. ಬೇಕರಿಯ ಗುಮಾಸ್ತನನ್ನು ಮದುವೆಯಾಗಿ, ಬಡವರ ಕೇರಿಯಲ್ಲಿ ಬಾಳಿ, ಹಲವು ಮಕ್ಕಳನ್ನು ಮಣ್ಣಿಗಿಟ್ಟು, 1924ರಲ್ಲಿ ಕಣ್ಮುಚ್ಚಿದ್ದಳು. ಅವಳ ಸಮಾಧಿಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ.

ಇಷ್ಟು ಪ್ರಸಿದ್ಧಳಾದವಳ ವಿಷಯದಲ್ಲಿಯೇ ಹೀಗಾದರೆ ಉಳಿದವರ ಪಾಡೇನು? 1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅವರ ಮರಿಮಕ್ಕಳು ಈಗ ಬೇರು ಹುಡುಕಹೊರಟರೆ ಎದುರಾಗುವ ದೊಡ್ಡ ಅಡ್ಡಿ ಬೂದಿ! 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಭಂಡಾರ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗವೂ ಅದರೊಡನೆ ಹೋಯಿತು.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. 1901 ಮತ್ತು 1911ರ ಗಣತಿಗಳು ಉಳಿದಿವೆ. ಕ್ಯಾಥೊಲಿಕ್ ಇಗರ್ಜಿಗಳ ಪುಸ್ತಕಗಳು ಆಯಾ ಇಗರ್ಜಿಗಳಲ್ಲಿಯೇ ಇದ್ದುದರಿಂದ ಬೆಂಕಿಗೆ ಸಿಗಲಿಲ್ಲ. 1847ರಿಂದ 1864ರವರೆಗೆ ತಯಾರಾದ ಗ್ರಿಫಿತ್ ಕಂದಾಯ ಪಟ್ಟಿಯಲ್ಲಿ ಜಮೀನು ಮನೆ ಹಿಡಿದವರ ಹೆಸರುಗಳು ಹಳ್ಳಿವಾರಾಗಿ ಇವೆ. 1864ರಿಂದ ಎಲ್ಲರ ಜನನ, ಮರಣ, ವಿವಾಹಗಳ ನೋಂದಣಿಯೂ ಇದೆ.

ಆದರೆ ಇವನ್ನೆಲ್ಲ ತೆರೆಯುವ ಬೀಗದಕೈ ಹೆಸರಲ್ಲ, ಊರು. ಒಂದೇ ಹೆಸರಿನವರು ಪಟ್ಟಿಯ ತುಂಬ ಇರುತ್ತಾರೆ. ಆದ್ದರಿಂದ ಅನುಭವಿಗಳು ಹೊಸ ನಾಡಿನಿಂದಲೇ ಶುರುಮಾಡಿ ಒಂದೊಂದು ತಲೆಮಾರಾಗಿ ಹಿಂದಕ್ಕೆ ಹೋಗುತ್ತಾರೆ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮದುವೆಯ ಸಾಕ್ಷಿಗಳು ಯಾರೆಂದು ನೋಡುತ್ತಾರೆ. ಅಕ್ಕನ ಸುಳಿವು ತಮ್ಮನ ಕಾಗದದಲ್ಲಿ ಸಿಕ್ಕದ್ದನ್ನು ನೀವು ನೋಡಿದಿರಲ್ಲ!

2008ರಲ್ಲಿ ಆನಿಯ ಸಮಾಧಿಗೆ ಐರ್ಲೆಂಡಿನ ಕಲ್ಲನ್ನೇ ತಂದು ನಿಲ್ಲಿಸಿದರು. ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದರೆ ಇಂದೇ ಪಕ್ಕದಲ್ಲಿ ಕುಳಿತು ಕೇಳಿರಿ. ಹೆಸರುಗಳನ್ನು ಬರೆದುಕೊಳ್ಳುವಾಗ ಊರನ್ನೂ ಒಡಹುಟ್ಟಿದವರನ್ನೂ ಮರೆಯದಿರಿ.